ಪಾಳಿಯ ನೀರು, ಪಕ್ಕದ ಹೊಲದ ಕಣ್ಣು

ನರಗುಂದ ತಾಲ್ಲೂಕಿನ ಎರೆ ಹೊಲಗಳ ನಡುವಿನ ಒಂದು ಹೊಲಗಾಲುವೆಯ ಒಡ್ಡಿನ ಮೇಲೆ, ಹಿಂಗಾರಿನ ಒಂದು ರಾತ್ರಿ, ಇಬ್ಬರು ರೈತರ ಜೊತೆ ನಿಂತಿದ್ದೆ. ಒಬ್ಬ ಯುವಕ, ಅವನ ನೀರಿನ ಪಾಳಿ ಎರಡು ಗಂಟೆಗೆ ಮುಗಿಯಬೇಕಿತ್ತು. ಮುಂದಿನ ಪಾಳಿಯ ಹಿರಿಯರು ಹೆಗಲ ಮೇಲೆ ಸಲಿಕೆ, ಕೈಯಲ್ಲಿ ಬ್ಯಾಟರಿ ಹಿಡಿದು ಮೊದಲೇ ಬಂದಿದ್ದರು. “ಇನ್ನ ಹತ್ ನಿಮಿಷ ಐತ್ರಿ ಕಾಕಾ, ಕುಂದರ್ರಿ” ಎಂದ ಯುವಕ. “ಕುಂದರಾಕ ಬಂದಿಲ್ಲಪಾ, ನೋಡಾಕ ಬಂದೀನಿ” ಎಂದರು ಅವರು. ಇಬ್ಬರೂ ನಕ್ಕರು. ಎರಡಕ್ಕೆ ಸರಿಯಾಗಿ ಯುವಕ ತನ್ನ ಹೊಲದ ಬಾಯಿಗೆ ಮಣ್ಣು ಎಳೆದ. ಹಿರಿಯರು ತಮ್ಮ ಕಡೆಯ ಕಟ್ಟೆಯನ್ನು ಸಲಿಕೆಯಿಂದ ಒಡೆದರು.

ಗುಂಪುಗಳ ಜಗಳ ಬಗೆಹರಿಯುವುದೆಂದರೆ ಹಿರಿಯರು ಕಟ್ಟೆಯ ಮೇಲೆ ಕೂಡಿ ಬುದ್ಧಿ ಹೇಳುವುದು, ಎರಡೂ ಕಡೆಯವರು ಒಪ್ಪಿ ಸಹಿ ಹಾಕುವುದು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಬೇಸಿಗೆಯಲ್ಲಿ ಆದ ಎಷ್ಟೋ ರಾಜಿಗಳು ಬಿತ್ತನೆಯ ಹೊತ್ತಿಗೆ ಮುರಿದುಬೀಳುತ್ತವೆ. ಆದ್ದರಿಂದ ವಿಜ್ಞಾನಕ್ಕೆ ಹೆಚ್ಚು ಕುತೂಹಲದ ಪ್ರಶ್ನೆ ರಾಜಿ ಹೇಗಾಯಿತು ಎಂಬುದಲ್ಲ, ಆದ ರಾಜಿ ಯಾವ ಬಲದಿಂದ ನಿಂತಿತು ಎಂಬುದು.

ಈ ಪ್ರಶ್ನೆಯನ್ನು ಹಿಡಿದು ದಶಕಗಳ ಕಾಲ ದುಡಿದವರು ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್; 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಅವರು ಪರಿಶೀಲಿಸಿದ ಹಳೆಯ ವ್ಯವಸ್ಥೆಗಳಲ್ಲಿ ಸ್ಪೇನಿನ ವೆಲೆನ್ಸಿಯಾದ ನೀರಾವರಿಯೂ ಒಂದು. ಅಲ್ಲಿನ ರೈತರ ನೀರಿನ ನ್ಯಾಯಾಲಯ ಇಂದಿಗೂ ಗುರುವಾರ ಮಧ್ಯಾಹ್ನ ಚರ್ಚಿನ ಬಾಗಿಲಲ್ಲಿ ಕೂಡುತ್ತದೆ. ವಕೀಲರಿಲ್ಲ, ವಿಚಾರಣೆಯೆಲ್ಲ ಬಾಯಿಮಾತಿನಲ್ಲೇ. ಪಾಳಿ ಪದ್ಧತಿಯ ಬಗ್ಗೆ ಆಸ್ಟ್ರಮ್ ಗುರುತಿಸಿದ ಸೂಕ್ಷ್ಮ ಇದು: ಪಾಳಿ ಮುಗಿಯುತ್ತಿರುವವನಿಗೆ ಇನ್ನಷ್ಟು ನೀರು ಕದಿಯುವ ಆಸೆ, ಮುಂದಿನ ಪಾಳಿಯವನಿಗೆ ಬೇಗ ಶುರುಮಾಡುವ ಆಸೆ; ಮೋಸದ ಆಸೆ ಹೆಚ್ಚಿರುವ ಈ ಇಬ್ಬರನ್ನೇ ಪದ್ಧತಿ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಎದುರುಬದುರು ನಿಲ್ಲಿಸುತ್ತದೆ. ಕಾವಲುಗಾರನಿಗೆ ಸಂಬಳ ಕೊಡಬೇಕಿಲ್ಲ, ಏಕೆಂದರೆ ತನ್ನ ನೀರಿಗಾಗಿ ಬಂದವನೇ ಕಾವಲುಗಾರ. ಒಡ್ಡಿನ ಮೇಲಿನ ಆ ಕಾಕಾ ನೋಡಲು ಬಂದಿದ್ದು ಇದಕ್ಕೇ.

ದಂಡದ ವಿಷಯದಲ್ಲೂ ಒಂದು ಅಚ್ಚರಿಯಿದೆ. ಬಹುಕಾಲ ಬಾಳಿದ ಇಂಥ ವ್ಯವಸ್ಥೆಗಳಲ್ಲಿ ಮೊದಲ ತಪ್ಪಿಗೆ ವಿಧಿಸುವ ದಂಡ ತೀರ ಸಣ್ಣದು, ತಪ್ಪು ಮರುಕಳಿಸಿದರೆ ಮಾತ್ರ ಏರುವಂಥದ್ದು. ಸಣ್ಣ ದಂಡ ತೆತ್ತವನು ಗುಂಪಿನೊಳಗೇ ಉಳಿಯುತ್ತಾನೆ. ದೊಡ್ಡ ದಂಡ ಬಿದ್ದವನು ಹಗೆಯಾಗುತ್ತಾನೆ. ಆಸ್ಟ್ರಮ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರು ಎಲ್ಲರಿಗೂ ಸೇರಿದ ಸಂಪತ್ತನ್ನು ಬಳಸಿ ಹಣ ಗಳಿಸುವ ಆಟ ಆಡಿದರು; ಪರಸ್ಪರ ಮಾತಾಡಲು ಬಿಡದೆ ಬರೀ ದಂಡ ಹಾಕುವ ಅವಕಾಶ ಕೊಟ್ಟಾಗ, ಒಬ್ಬರಿಗೊಬ್ಬರು ದಂಡ ಹಾಕುವ ಖರ್ಚೇ ಗಳಿಕೆಯನ್ನು ತಿಂದುಹಾಕಿತು. ಮಾತಾಡಲು ಬಿಟ್ಟಾಗ ಫಲ ಸುಧಾರಿಸಿತು. ಮಾತಾಡಿ, ದಂಡವನ್ನೂ ತಾವೇ ಗೊತ್ತುಮಾಡಿಕೊಂಡವರು ಎಲ್ಲರಿಗಿಂತ ಮುಂದಿದ್ದರು.

ಹಾಗಾದರೆ ಮನಸ್ಸು ಕೂಡುವುದಕ್ಕೆ ಬೆಲೆಯಿಲ್ಲವೇ ಎಂದು ಕೇಳಬಹುದು. 1954ರಲ್ಲಿ ಸಮಾಜ ಮನಶ್ಶಾಸ್ತ್ರಜ್ಞ ಮುಜಫರ್ ಶೆರೀಫ್ ಅಮೆರಿಕದ ಒಕ್ಲಹೋಮದ ಶಿಬಿರವೊಂದರಲ್ಲಿ 22 ಹುಡುಗರನ್ನು ಎರಡು ತಂಡ ಮಾಡಿ, ಸ್ಪರ್ಧೆಗೆ ಇಳಿಸಿ ಹಗೆ ಬೆಳೆಸಿದರು. ಆಮೇಲೆ ನೀರಿನ ಪೂರೈಕೆ ನಿಂತುಹೋದಂತೆ ಮಾಡಿ ಎರಡೂ ತಂಡಗಳು ಕೂಡಿಯೇ ಹುಡುಕುವಂತೆ ಮಾಡಿದರು. ಹಲವು ಸಲ ಈ ಕತೆಯನ್ನು ಇಲ್ಲಿಗೇ, ಹಗೆ ಕರಗಿತೆಂದು ಮುಗಿಸುತ್ತಾರೆ. ಆದರೆ ಶೆರೀಫರೇ ಬರೆದಂತೆ, ಕೆಲಸ ಮುಗಿದೊಡನೆ ಹುಡುಗರು ಹಳೆಯ ಬೈದಾಟಕ್ಕೆ ಮರಳಿದ್ದರು. ಒಂದರ ಮೇಲೊಂದು ಜಂಟಿ ಕೆಲಸ ಬಿದ್ದ ಮೇಲೆಯೇ ಹಗೆ ತಗ್ಗಿತು. 1953ರ ಅವರ ಇನ್ನೊಂದು ಪ್ರಯೋಗದಲ್ಲಿ ಹುಡುಗರು ಎಣಿಸಿದಂತೆ ಜಗಳವಾಡದೆ ಅದನ್ನು ಅರ್ಧಕ್ಕೇ ಕೈಬಿಡಬೇಕಾಯಿತೆಂಬುದನ್ನೂ ನೆನೆದರೆ, ಈ ಶಿಬಿರದ ಕತೆಯನ್ನು ಸ್ವಲ್ಪ ಉಪ್ಪು ಬೆರೆಸಿಯೇ ಉಣ್ಣಬೇಕು ಎನಿಸುತ್ತದೆ. ಒಂದೇ ಸಲದ ಜಂಟಿ ಕೆಲಸದಿಂದ ಸ್ನೇಹ ಹುಟ್ಟುವುದಿಲ್ಲ ಎಂಬಷ್ಟು ಮಾತ್ರ ಅದರಿಂದ ತಿಳಿಯುತ್ತದೆ.

ಕೊಡುವುದಕ್ಕೂ ಪಡೆಯುವುದಕ್ಕೂ ತಾಳೆಯಿರಬೇಕು ಎಂಬ ಆಸ್ಟ್ರಮ್ ಅವರ ಇನ್ನೊಂದು ಸೂತ್ರವನ್ನು ನರಗುಂದಕ್ಕೆ ಯಾರೂ ಕಲಿಸಬೇಕಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ 1980ರಲ್ಲಿ ಇಲ್ಲಿ ಎದ್ದ ರೈತರ ಹೋರಾಟದ ಹಿಂದೆ, ನೀರು ಸರಿಯಾಗಿ ತಲುಪದ ಹೊಲಕ್ಕೂ ಕರ ಬಂತೆಂಬ ಸಿಟ್ಟಿತ್ತು. ಆ ಜುಲೈ 21ರಂದು ಪ್ರಾಣಗಳೂ ಹೋದವು. ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಆರಂಭವಾದಾಗ ಲೆಕ್ಕಾಚಾರ ಬೇರೆಯಿತ್ತು: 1904ರ ಕಾಯ್ದೆಯಲ್ಲಿ ಗ್ರಾಮೀಣ ಸಂಘಗಳ ಸದಸ್ಯರ ಹೊಣೆ ಸಾಮಾನ್ಯವಾಗಿ ಅಪರಿಮಿತ. ನೆರೆಯವನ ಸಾಲ ಮುಳುಗಿದರೆ ತನ್ನ ಆಸ್ತಿಗೂ ಕುತ್ತು ಬರುವುದಾದರೆ, ಅವನ ಬೆಳೆಯನ್ನು ಯಾರು ತಾನೇ ನೋಡದಿರುತ್ತಾರೆ?

ಎಷ್ಟೇ ಚೊಕ್ಕವಾದ ಒಪ್ಪಂದದಲ್ಲೂ ಕಾಲಾನಂತರ ಯಾರಿಗೋ ನೋವು ಕೂಡುತ್ತ ಹೋಗುತ್ತದೆ. ವಾರದ ಪಾಳಿಯನ್ನೇ ನೋಡಿ. ಏಳು ದಿನಕ್ಕೆ 168 ತಾಸು. 24ರಿಂದ ಭಾಗಿಸಿದರೆ ಶೇಷವಿಲ್ಲ. ಹಾಗಾಗಿ ಒಮ್ಮೆ ರಾತ್ರಿ ಎರಡಕ್ಕೆ ಬಂದ ಪಾಳಿ ಪ್ರತಿ ವಾರವೂ ರಾತ್ರಿ ಎರಡಕ್ಕೇ ಬರುತ್ತದೆ. ಪಂಜಾಬ್ ಕಡೆಯ ವಾರಾಬಂದಿ ಎಂಬ ನೀರಿನ ಪಾಳಿ ಪದ್ಧತಿಯಲ್ಲಿ ಇದಕ್ಕಾಗಿ ವರ್ಷಕ್ಕೊಮ್ಮೆ ಇಡೀ ಪಟ್ಟಿಯನ್ನು 12 ತಾಸು ಸರಿಸುವ ರೂಢಿಯಿದೆ. ರಾತ್ರಿಯವರಿಗೆ ಹಗಲು, ಹಗಲಿನವರಿಗೆ ರಾತ್ರಿ.

ನಾನು ಕಂಡ ಹಿರಿಯರು ಹಾವು ಚೇಳಿನ ಕತ್ತಲಲ್ಲಿ ವರ್ಷಗಳಿಂದ ನೀರು ಹಾಯಿಸಿದವರು. ಹಗಲಿನವರು ಒಂದು ಹಂಗಾಮು ಪೂರ್ತಿ ಜಗ್ಗಾಡಿ ಕೊನೆಗೆ ಪಟ್ಟಿ ಸರಿಸಲು ಒಪ್ಪಿದ್ದರಂತೆ. ಮುಂದಿನ ವರ್ಷದಿಂದ ಅವರ ಪಾಳಿ ಮಧ್ಯಾಹ್ನ ಎರಡಕ್ಕೆ, ಅವರಿಗಿಂತ ಮುಂಚಿನ ಪಾಳಿ ಅದೇ ಯುವಕನದು. ಆಗಲೂ ಹತ್ತು ನಿಮಿಷ ಮೊದಲೇ ಬರುತ್ತೀರಾ ಎಂದು ಕೇಳಿದೆ. “ಬರಲಾರದ ಏನ್ರಿ” ಎಂದವರೇ ಬ್ಯಾಟರಿ ಆರಿಸಿ ಹೊಲಕ್ಕಿಳಿದರು.