ಬೇಟೆ ಚೀಲ ಎಷ್ಟು ದೊಡ್ಡದಿರಬೇಕು?

ಪ್ರಶ್ನೆ: ಅಮೆರಿಕಕ್ಕೆ ಬಂದ ಮೇಲೆ ಚಕಮಕಿ ಕೋವಿಯಲ್ಲಿ, ಅಂದರೆ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಕೊಳ್ಳುವ ಹಳೇ ಬಂದೂಕಿನಲ್ಲಿ, ಆಸಕ್ತಿ ಬೆಳೆಯಿತು. ಕೋವಿ ತುಂಬುವ ಸಾಮಾನು ಇಡೋಕೆ 1770ರ ಹೊತ್ತಿನ ಮಾದರಿಯ ಚರ್ಮದ ಬೇಟೆ ಚೀಲವನ್ನು ನಾನೇ ಹೊಲಿಯಬೇಕು ಅಂತಿದ್ದೇನೆ. ಆದರೆ ಹಳೇ ಚೀಲಗಳು ತೀರಾ ಚಿಕ್ಕವು. ಬೇಕಾದ್ದೆಲ್ಲ ಅದರಲ್ಲಿ ಹೇಗೆ ಹಿಡಿಸುತ್ತೆ? ಸ್ವಲ್ಪ ದೊಡ್ಡದು ಮಾಡಿದರೆ ತಪ್ಪೇನು?

ಉತ್ತರ: ಮೊದಲ ಚೀಲಕ್ಕೆ ಕತ್ತರಿ ಹಾಕುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆ ಇದು. ಅಗಲ 7ರಿಂದ 8 ಇಂಚು, ಎತ್ತರವೂ ಹೆಚ್ಚುಕಮ್ಮಿ ಅಷ್ಟೇ. ಅದಕ್ಕಿಂತ ದೊಡ್ಡದು ಬೇಡ.

ನಾನು ಮೊದಲು ಹೊಲಿದ ಚೀಲ 12 ಇಂಚು ಅಗಲವಿತ್ತು. ಜಾಗ ಇದೆಯಲ್ಲ ಅಂತ ಏನೇನೋ ತುಂಬಿದೆ. ಕಾಡಿನಲ್ಲಿ ಒಂದು ಬೆಳಿಗ್ಗೆ ಚಕಮಕಿ ಕಲ್ಲು ಮೊಂಡಾಯಿತು. ಹೊಸ ಕಲ್ಲು ಚೀಲದ ತಳದಲ್ಲೆಲ್ಲೋ ಇತ್ತು. ಮಂಡಿಯೂರಿ ಕೂತು ಒಂದೊಂದೇ ಸಾಮಾನು ಎಲೆಗಳ ಮೇಲೆ ಹೊರಗಿಟ್ಟು ಹುಡುಕಬೇಕಾಯಿತು. ಕಲ್ಲು ಸಿಕ್ಕಿತು. ಅಷ್ಟರಲ್ಲಿ ಗುಂಡಿಗೆ ಸುತ್ತುವ ಬಟ್ಟೆ ಇಬ್ಬನಿಯಲ್ಲಿ ನೆಂದುಹೋಗಿತ್ತು.

ಈ ಚೀಲ ಸಾಮಾನು ಕೂಡಿಡೋಕೆ ಅಲ್ಲ, ಕೋವಿ ತುಂಬೋಕೆ. ಕಣ್ಣು ಹಾಯಿಸದೆ ಬೆರಳಿಗೇ ಎಲ್ಲ ಸಿಗಬೇಕು. ನಮ್ಮ ಮಲೆನಾಡು, ಕೊಡಗಿನ ಕಡೆ ಕೇಪಿನ ಕೋವಿ ತುಂಬುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಳಿಗೆಯ ಬಾಯಿಂದ ಮದ್ದು ಹಾಕಿ, ಗಜ ಅನ್ನುವ ಉದ್ದ ಕಡ್ಡಿಯಿಂದ ಜಡಿದು, ಬಡಿದರೆ ಕಿಡಿ ಕೊಡುವ ಕೇಪು ಕೂರಿಸುವ ಕೆಲಸಕ್ಕೆ ಒಂದು ವರಸೆ ಇರುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದ ಉದ್ದ ನಳಿಗೆಯ ಚಕಮಕಿ ರೈಫಲ್‌ಗೂ ಹಾಗೇ.

ಆ ವರಸೆಯನ್ನು ಒಮ್ಮೆ ನಿಧಾನವಾಗಿ ನೋಡೋಣ. ಮದ್ದು ಚೀಲದೊಳಗೆ ಇರುವುದೇ ಇಲ್ಲ, ಹೊರಗೆ ಕೊಂಬಿನಲ್ಲಿ ತೂಗುತ್ತದೆ. ಕೊಂಬಿನಿಂದ ಮೊದಲು ಅಳತೆ ಪಾತ್ರೆಗೆ ಸುರಿದುಕೊಂಡು, ಅಳತೆಯಿಂದ ನಳಿಗೆಗೆ ಹಾಕಬೇಕು. ಕೊಂಬನ್ನೇ ನೇರವಾಗಿ ನಳಿಗೆಯ ಮೇಲೆ ಬಗ್ಗಿಸಬೇಡಿ. ಒಳಗೆ ಒಂದು ಕಿಡಿ ಉಳಿದಿದ್ದರೂ ಕೊಂಬು ಕೈಯಲ್ಲೇ ಸಿಡಿಯುತ್ತದೆ. ಜಿಂಕೆ ಕೊಂಬಿನಿಂದ ಮಾಡಿದ ಈ ಅಳತೆ ದಾರದಲ್ಲಿ ಕಟ್ಟಿ ಹೊರಗೇ ಇರುತ್ತದೆ. ಆಮೇಲೆ ಕೊಬ್ಬು ಸವರಿದ ಬಟ್ಟೆಯನ್ನು ನಳಿಗೆಯ ಬಾಯಿಗೆ ಹಾಸಿ, ಸೀಸದ ಗುಂಡು ಇಟ್ಟು ಒತ್ತಿ, ಮಿಕ್ಕ ಬಟ್ಟೆಯನ್ನು ಚಾಕುವಿನಿಂದ ಕೊಯ್ದು, ಗಜದಿಂದ ತಳದವರೆಗೆ ತಳ್ಳಬೇಕು. ಕೊನೆಗೆ ನಳಿಗೆಯ ಹೊರಗೆ ಕಲ್ಲಿನ ಕಿಡಿ ಬೀಳುವ ಪುಟ್ಟ ಬಟ್ಟಲಿಗೆ ಚಿಟಿಕೆ ಮದ್ದು.

ಇಷ್ಟಕ್ಕೆ ಚೀಲದೊಳಗಿಂದ ಬಂದದ್ದು ಎರಡೇ: ಗುಂಡು ಮತ್ತು ಬಟ್ಟೆ. ಇದರ ಜೊತೆಗೆ ಎರಡು ಮೂರು ಚಕಮಕಿ ಕಲ್ಲು, ಕಿಡಿ ತೂತು ಚುಚ್ಚುವ ಕಡ್ಡಿ, ಸ್ಕ್ರೂ ತಿರುಗಿಸುವ ಉಪಕರಣ, ನಳಿಗೆ ಒರೆಸೋಕೆ ಒಂದಿಷ್ಟು ನಾರು ಸಾಕು. ಗುಂಡು 20ಕ್ಕಿಂತ ಜಾಸ್ತಿ ಬೇಡ. ಅರ್ಧ ಇಂಚಿನ ನಳಿಗೆಯ ಒಂದು ಗುಂಡು ಸುಮಾರು 11.5 ಗ್ರಾಂ ತೂಗುತ್ತದೆ, 20 ಗುಂಡು ಅಂದರೆ ಕಾಲು ಕಿಲೋ ಹತ್ತಿರ ಹತ್ತಿರ. ಅವನ್ನು ಪುಟ್ಟ ಚರ್ಮದ ಸಂಚಿಯಲ್ಲಿ ಬೇರೆಯಾಗಿಡಿ.

ಹಾಗಾದರೆ ಈಗಿನವರ ಚೀಲ ಯಾಕೆ ಊದಿಕೊಂಡಿವೆ? ಹೆಸರಿನ ಗೊಂದಲವೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಹಲವರು ಇದನ್ನು ‘ಪಾಸಿಬಲ್ಸ್ ಬ್ಯಾಗ್’ ಅನ್ನುತ್ತಾರೆ. ಅದು 19ನೇ ಶತಮಾನದ ರಾಕಿ ಪರ್ವತದ ಬೇಟೆಗಾರರ ಮಾತು. ಅವರು ಸ್ವಂತ ಸಾಮಾನೆಲ್ಲ ತುಂಬುತ್ತಿದ್ದ ಬೇರೆಯದೇ ಗಂಟು ಅದು. ಆ ಹೆಸರು ಈ ಪುಟ್ಟ ಚೀಲಕ್ಕೆ ಅಂಟಿಕೊಂಡಿತು, ಜೊತೆಗೆ ಬುತ್ತಿ, ಕಾಫಿ ಲೋಟ ಎಲ್ಲ ಒಳಗೆ ಬಂದವು.

ಇನ್ನೊಂದು ಮಾತು. 18ನೇ ಶತಮಾನದ್ದೇ ಅಂತ ಖಚಿತವಾಗಿ ಹೇಳಬಹುದಾದ ಚೀಲಗಳು ಉಳಿದಿರುವುದು ತೀರಾ ಕಡಿಮೆ. ಕೊಂಬು ಉಳಿಯುತ್ತದೆ, ಚರ್ಮ ಕೊಳೆಯುತ್ತದೆ. ಈಗ ಸಿಗುವ ಹೆಚ್ಚಿನವು ಮುಂದಿನ ಶತಮಾನದ ಕೇಪಿನ ಕೋವಿಯ ಕಾಲದವು. ಹಾಗಾಗಿ ಒಂದೇ ಚೀಲದ ಫೋಟೋ ನೋಡಿ ‘1770ರ ಅಸಲಿ ನಕ್ಷೆ’ ಅಂತ ಮಾರುವವರನ್ನು ಸುಮ್ನೆ ನಂಬಬೇಡಿ.

ಚರ್ಮ ಮಾತ್ರ ತೊಗಟೆಯಲ್ಲಿ ಹದ ಮಾಡಿದ್ದೇ ಇರಲಿ, ಒಂದೂವರೆಯಿಂದ ಎರಡು ಮಿಲಿಮೀಟರ್ ದಪ್ಪ. ಕ್ರೋಮಿಯಂನಲ್ಲಿ ಹದ ಮಾಡುವುದು 19ನೇ ಶತಮಾನದಲ್ಲಿ ಬಂದ ವಿದ್ಯೆ, 1770ರ ಕಾಲದ ಚೀಲಕ್ಕೆ ಹೊಂದುವುದಿಲ್ಲ. ತೊಗಟೆ ಚರ್ಮದಲ್ಲಿ ಇನ್ನೊಂದು ಸೊಗಸಿದೆ. ತುಕ್ಕು ಮೊಳೆಗಳನ್ನು ವಿನೆಗರ್‌ನಲ್ಲಿ ಕೆಲವು ದಿನ ನೆನೆಸಿ, ಆ ನೀರನ್ನು ಬಟ್ಟೆಯಿಂದ ಸವರಿ ನೋಡಿ. ಕಂದು ಚರ್ಮ ಕಣ್ಣೆದುರೇ ಬೂದು ಬಣ್ಣವಾಗಿ, ನಿಮಿಷಗಳಲ್ಲಿ ಕಪ್ಪಾಗುತ್ತದೆ. ತೊಗಟೆಯ ಒಗರಿಗೆ ಕಬ್ಬಿಣ ಕೂಡಿದ್ದರ ಬಣ್ಣ ಅದು. ನಮ್ಮಲ್ಲಿ ಅಳಲೆಕಾಯಿಗೆ ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಬಣ್ಣ ಬಂದ ಮೇಲೆ ಅಡುಗೆ ಸೋಡಾ ನೀರಿನಿಂದ ಒರೆಸಿ ಹುಳಿ ತೆಗೆಯಿರಿ, ಇಲ್ಲದಿದ್ದರೆ ಚರ್ಮ ಬಿರುಕು ಬಿಡುತ್ತದೆ.

ಹೊಲಿಗೆಗೆ ಜೇನುಮೇಣ ಉಜ್ಜಿದ ಲಿನನ್ ದಾರ, ಎರಡು ತುದಿಗೂ ಸೂಜಿ. ಮೊದಲೇ ಕೊರೆದ ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಸೂಜಿ ದಾಟಿಸಬೇಕು. ಒಂದು ಕಡೆ ದಾರ ಹರಿದರೂ ಇನ್ನೊಂದು ಹಿಡಿದಿರುತ್ತದೆ. ಇಂಚಿಗೆ 6ರಿಂದ 8 ಹೊಲಿಗೆ ಸಾಕು. ಒಳಮೈ ಹೊರಗೆ ಮಾಡಿ ಹೊಲಿದು, ಚರ್ಮ ಒದ್ದೆ ಮಾಡಿ ತಿರುಗಿಸಿ.

ಅಳತೆ ಇನ್ನೂ ನಂಬಿಕೆಯಾಗದಿದ್ದರೆ, ಚರ್ಮ ಕತ್ತರಿಸುವ ಮೊದಲು ಹಳೇ ಜೀನ್ಸ್ ಬಟ್ಟೆಯಲ್ಲಿ 8 ಇಂಚಿನ ಚೀಲ ಹೊಲಿದು, ಸಾಮಾನು ತುಂಬಿ, ಎಡ ಹೆಗಲಿಂದ ಬಲ ಪಕ್ಕೆಗೆ ಇಳಿಬಿಡಿ. ಚೀಲ ಸೊಂಟದ ಮೇಲೆ, ಮೊಣಕೈ ಅಡಿಯಲ್ಲಿ ಕೂರಬೇಕು. ಕೆಳಗೆ ಜೋತರೆ ಓಡುವಾಗ ತೊಡೆಗೆ ಬಡಿಯುತ್ತದೆ. ಹಾಗೇ ಒಂದು ವಾರ ಕಣ್ಣು ಮುಚ್ಚಿ ಗುಂಡು, ಬಟ್ಟೆ, ಕಲ್ಲು ತೆಗೆದು ನೋಡಿ. ಆಮೇಲೂ ಒಂದು ಇಂಚು ಹೆಚ್ಚು ಬೇಕು ಅನ್ನಿಸಿದರೆ ಅಗಲಕ್ಕೆ ಹಾಕಿ, ಆಳಕ್ಕೆ ಬೇಡ.