ಪಿನ್ ಒತ್ತಿಸಿ ಕಸಿದ ಹಣಕ್ಕೆ ಹೊಣೆ ಯಾರು?

1928ರಲ್ಲಿ ಉಡುಪಿಯಲ್ಲಿ ಶುರುವಾದ ಪಿಗ್ಮಿ ಠೇವಣಿಗೆ ಏಜೆಂಟರು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದರು. ಅಲ್ಲಿಂದ ಎಟಿಎಂ, ನೆಟ್‌ಬ್ಯಾಂಕಿಂಗ್ ದಾಟಿ 2016ರಲ್ಲಿ ಯುಪಿಐ ಬಂತು. ಈಗ ಮಲ್ಪೆಯಲ್ಲಿ ಮೀನು ಕೊಂಡರೂ ಮೊಬೈಲ್‌ನಲ್ಲೇ ಹಣ ಕೊಡಬಹುದು. ಆ ಹಣ ದಾರಿ ತಪ್ಪಿದರೆ ಕೇಳುವವರಾರು ಎಂಬುದು ಮಾತ್ರ ಇನ್ನೂ ಗೋಜಲು.

2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆ ರಿಸರ್ವ್ ಬ್ಯಾಂಕ್‌ಗೆ ಅಧಿಕಾರ ಕೊಟ್ಟಿತು. ಗ್ರಾಹಕರ ರಕ್ಷಣೆ ಬಂದದ್ದು ಹೆಚ್ಚಾಗಿ ಸುತ್ತೋಲೆಗಳ ಮೂಲಕ, ಕಂತು ಕಂತಾಗಿ.

ಅವುಗಳಲ್ಲಿ ಮುಖ್ಯವಾದದ್ದು 2017ರ ಜುಲೈ ತಿಂಗಳದ್ದು. ಬ್ಯಾಂಕಿನದಾಗಲಿ ಗ್ರಾಹಕರದಾಗಲಿ ತಪ್ಪಿಲ್ಲದೆ ಬೇರೆ ಯಾರೋ ಖಾತೆಗೆ ಕನ್ನ ಹಾಕಿದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರು ನಷ್ಟ ಹೊರಬೇಕಿಲ್ಲ. ಗ್ರಾಹಕರದೇ ತಪ್ಪು ಎನ್ನುವುದಾದರೆ ಅದನ್ನು ಬ್ಯಾಂಕೇ ಸಾಬೀತುಪಡಿಸಬೇಕು. ಒಳ್ಳೆಯ ನಿಯಮವೇ. 2019ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಬಂತು: ಕಡಿತವಾದ ಯುಪಿಐ ಹಣ ಎದುರಿನವರಿಗೆ ಸೇರದಿದ್ದರೆ ಮರುದಿನದೊಳಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ಆದರೆ ಮೋಸಕ್ಕೊಳಗಾಗಿ ತಾವೇ ಪಿನ್ ಒತ್ತಿದವರ ಪಾಡೇನು? ಹಳೆಯ ಮಂಚ ಮಾರಲು ಜಾಹೀರಾತು ಹಾಕಿದವರಿಗೆ ಕರೆ ಬರುತ್ತಿತ್ತು: ‘ಮುಂಗಡ 2,000 ಕಳಿಸಿದ್ದೇನೆ, ಪಿನ್ ಒತ್ತಿ ಪಡೆದುಕೊಳ್ಳಿ.’ ಪರದೆಗೆ ಬಂದಿರುತ್ತಿದ್ದುದು ಹಣವಲ್ಲ, ಹಣ ಕೇಳುವ ಕೋರಿಕೆ. ಹಣ ಪಡೆಯಲು ಪಿನ್ ಬೇಕೇ ಇಲ್ಲ. ಒತ್ತಿದರೆ ಖಾತೆಯಿಂದಲೇ ಹೋಗುತ್ತದೆ. ದೂರು ಕೊಡಲು ಹೋದರೆ ‘ನೀವೇ ಒತ್ತಿದ್ದಲ್ಲವೇ’ ಎಂಬ ಮಾತು ಕಾದಿರುತ್ತದೆ. ಇದು ಅನ್ಯಾಯ. ಕಳ್ಳನ ಕೈಚಳಕಕ್ಕೆ ಕಳೆದುಕೊಂಡವರನ್ನೇ ಗದರಿಸುವ ಕ್ರಮ ಸಲ್ಲದು.

ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಈ ಕೋರಿಕೆಯನ್ನು ನಿಲ್ಲಿಸಿದ್ದು 2025ರ ಅಕ್ಟೋಬರ್‌ನಲ್ಲಿ. ಯುಪಿಐ ಬಂದು ಒಂಬತ್ತು ವರ್ಷವಾಗಿತ್ತು.

ಬ್ರಿಟನ್ ಬೇರೆ ದಾರಿ ಹಿಡಿದಿದೆ. 2024ರ ಅಕ್ಟೋಬರ್ 7ರಿಂದ ಅಲ್ಲಿ ಮೋಸಹೋಗಿ ತಾವೇ ಹಣ ಕಳಿಸಿದವರಿಗೂ 85,000 ಪೌಂಡ್‌ವರೆಗೆ ಮರುಪಾವತಿ ಕಡ್ಡಾಯ. ಹೊರೆಯನ್ನು ಹಣ ಕಳಿಸಿದ ಮತ್ತು ಪಡೆದ ಸಂಸ್ಥೆಗಳು ಅರ್ಧರ್ಧ ಹೊರುತ್ತವೆ. ಹಣ ಪಡೆದ ಸಂಸ್ಥೆಯನ್ನೂ ಸೇರಿಸಿದ್ದೇ ಇದರ ಗಟ್ಟಿತನ, ಏಕೆಂದರೆ ವಂಚಕನ ಖಾತೆಯೂ ದಾಖಲೆ ಕೊಟ್ಟು ಎಲ್ಲೋ ತೆರೆದದ್ದೇ.

ಇಲ್ಲಿ ಹಣ ಹೋದೊಡನೆ ಮಾಡಬೇಕಾದ್ದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಜೊತೆಗೆ ಬ್ಯಾಂಕಿಗೆ ಲಿಖಿತ ದೂರು. ಬ್ಯಾಂಕ್ 30 ದಿನಗಳಲ್ಲಿ ಉತ್ತರಿಸದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ.