ಏನು ಕೊಟ್ಟಿರಿ ಅಂತ ದಯವಿಟ್ಟು ಮುಚ್ಚಿಡಬೇಡಿ

ಬೆಳಗ್ಗೆ ಒಂಬತ್ತಕ್ಕೆ ಮೈಸೂರಿನ ಕುವೆಂಪುನಗರದಲ್ಲಿರುವ ನನ್ನ ಕ್ಲಿನಿಕ್ ಬಾಗಿಲು ತೆಗೆಯಲು ಹೋದಾಗ, ಒಬ್ಬ ತಾಯಿ ಮತ್ತು ಕಾಲೇಜಿಗೆ ಹೋಗುವ ಮಗಳು ಆಗಲೇ ಮೆಟ್ಟಿಲ ಮೇಲೆ ಕೂತಿದ್ದರು. ಮಡಿಲಲ್ಲಿ ಟವೆಲ್ ಸುತ್ತಿದ ಬೆಕ್ಕು. ಮುಖ ಊದಿತ್ತು, ಬಾಯಿ ತೆರೆದು ಉಸಿರು ಎಳೆಯುತ್ತಿತ್ತು. ತುಟಿ ಎತ್ತಿ ನೋಡಿದೆ. ಗುಲಾಬಿ ಬಣ್ಣ ಇರಬೇಕಾದ ವಸಡು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು.

"ಏನಾದ್ರೂ ಮಾತ್ರೆ ಕೊಟ್ರಾ?"

"ಇಲ್ಲ ಡಾಕ್ಟ್ರೇ, ಏನೂ ಕೊಟ್ಟಿಲ್ಲ," ಅಂದರು ತಾಯಿ.

ಮಗಳು ತಲೆ ತಗ್ಗಿಸಿದಳು. ಆಕ್ಸಿಜನ್ ಹಚ್ಚಿ, ಡ್ರಿಪ್ ಹಾಕುವಾಗ ಮೆಲ್ಲಗೆ ಹೇಳಿದಳು: "ನಿನ್ನೆ ರಾತ್ರಿ ಮೈ ಬಿಸಿ ಇತ್ತು ಅಂತ ಅರ್ಧ ಪ್ಯಾರಾಸಿಟಮಾಲ್ ಕೊಟ್ವಿ ಮೇಡಂ. ನೀವು ಬೈತೀರಾ ಅಂತ ಅಮ್ಮ ಹೇಳ್ಲಿಲ್ಲ."

ನಮ್ಮ ಲಿವರ್‌ನಲ್ಲಿರುವ ಒಂದು ಕಿಣ್ವ ಪ್ಯಾರಾಸಿಟಮಾಲನ್ನು ಪಳಗಿಸಿ ಮೈಯಿಂದ ಹೊರಗೆ ಹಾಕುತ್ತದೆ. ಬೆಕ್ಕಿನಲ್ಲಿ ಆ ಕಿಣ್ವ ತೀರಾ ಕಡಿಮೆ. ಹಾಗಾಗಿ ಔಷಧಿ ಒಳಗೇ ಉಳಿದು ವಿಷವಾಗುತ್ತದೆ. ರಕ್ತದ ಬಣ್ಣವೇ ಬದಲಾಗುತ್ತದೆ, ಆಮ್ಲಜನಕ ಹೊರುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ. 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಲು ಸಾಕು. ಅರ್ಧವೂ ಸಾಕಾಗಬಹುದು. ಇನ್ನೊಂದು ಸಂಕಟದ ಮಾತು. ಬೆಕ್ಕು, ನಾಯಿಗಳ ಸಹಜ ತಾಪಮಾನವೇ ಸುಮಾರು 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಅವು ಯಾವಾಗಲೂ ಬಿಸಿಯೇ. ಆ ಬೆಕ್ಕಿಗೆ ರಾತ್ರಿ ನಿಜವಾಗಿ ಜ್ವರ ಇತ್ತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ.

ಈ ವಿಷವನ್ನು ಇಳಿಸುವ ಔಷಧಿ ಇದೆ. ಅಸಿಟೈಲ್‌ಸಿಸ್ಟೀನ್ ಅಂತ. ಮನುಷ್ಯರ ಮೆಡಿಕಲ್ ಸ್ಟೋರ್‌ನಲ್ಲೇ ಸಿಗುತ್ತದೆ. ಆದರೆ ಮಾತ್ರೆ ನುಂಗಿದ ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೆ ಅದರ ಕೆಲಸ ಚೆನ್ನಾಗಿ ನಡೆಯುತ್ತದೆ. ಇಲ್ಲಿ ಒಂದು ಇಡೀ ರಾತ್ರಿ ಕಳೆದಿತ್ತು. ನಾಯಿಗೂ ಅಷ್ಟೇ, ಕಾಲು ಕುಂಟುತ್ತಿದೆ ಅಂತ ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಬೇಡಿ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಕೆಡುತ್ತದೆ. ಕೊಟ್ಟುಬಿಟ್ಟಿದ್ದರೆ ಮಾತ್ರೆಯ ಹಾಳೆಯನ್ನೇ ಹಿಡಿದುಕೊಂಡು ಓಡಿ ಬನ್ನಿ. ನಾನು ಬೈಯುವುದಿಲ್ಲ. ನನ್ನ ಜೊತೆ ಕೆಲಸ ಮಾಡುವ ಯಾರೂ ಬೈಯುವುದಿಲ್ಲ.

ಹನ್ನೊಂದರ ಹೊತ್ತಿಗೆ ಬೆಕ್ಕು ಹೋಯಿತು. ಆ ಹುಡುಗಿ ಅದರ ಕಿವಿ ಸವರುತ್ತಲೇ ಇದ್ದಳು. ತಾಯಿ ನನ್ನ ಕೈ ಹಿಡಿದು, "ನಾನೇ ಸಾಯಿಸಿಬಿಟ್ಟೆ ಅಲ್ವಾ?" ಅಂದರು. ಪ್ರೀತಿಯಿಂದ ಕೊಟ್ಟಿದ್ದೀರಿ, ಗೊತ್ತಿರಲಿಲ್ಲ ಅಷ್ಟೇ ಅಂದೆ. ಅದು ನಿಜವೂ ಹೌದು.

ಹನ್ನೊಂದೂ ಕಾಲಿಗೆ ಅದೇ ಟೇಬಲ್ ಒರೆಸಿದೆವು. ಅದರ ಮೇಲೆ ಒಂದೂವರೆ ತಿಂಗಳ ಲ್ಯಾಬ್ರಡಾರ್ ಮರಿ ಬಂದು ನಿಂತಿತು. ಮೊದಲ ಲಸಿಕೆ. ಮನೆಯವರೆಲ್ಲ ಬಂದಿದ್ದರು, ಫೋಟೋ ತೆಗೆಯುತ್ತಿದ್ದರು. ಮೂರು ನಾಲ್ಕು ವಾರಕ್ಕೊಮ್ಮೆ ಬನ್ನಿ, 16 ವಾರ ತುಂಬುವವರೆಗೆ ಲಸಿಕೆ ತಪ್ಪಿಸಬೇಡಿ, ಅಲ್ಲಿಯವರೆಗೆ ಬೀದಿಯ ಮಣ್ಣಿಗೆ ಬಿಡಬೇಡಿ, ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ ಅಂತ ನಗುನಗುತ್ತ ಹೇಳಿದೆ. ಆ ನಗು ಸುಳ್ಳಲ್ಲ. ಆದರೆ ಅದರ ಕೆಳಗೆ ಬೆಕ್ಕು ಹಾಗೇ ಇತ್ತು.

ಜನ ಮುಚ್ಚಿಡುವ ಇನ್ನೊಂದು ವಿಷಯ ದುಡ್ಡು. ಪಾರ್ವೋ ಬಂದ ಮರಿಗೆ ಐದಾರು ದಿನ ಡ್ರಿಪ್ ಬೇಕಾಗಬಹುದು. ಖರ್ಚು ಕೇಳಿ, "ಆಯ್ತು ಮೇಡಂ, ನಾಳೆ ಕರ್ಕೊಂಡು ಬರ್ತೀವಿ" ಅನ್ನುತ್ತಾರೆ. ಬರುವುದಿಲ್ಲ. ಇಷ್ಟೇ ಇದೆ ಅಂತ ಮೊದಲೇ ಹೇಳಿದರೆ ಕೆಲವು ಪರೀಕ್ಷೆ ಬಿಡಬಹುದು, ದಿನಕ್ಕೊಮ್ಮೆ ಬಂದು ಚರ್ಮದ ಕೆಳಗೆ ಸಲೈನ್ ಹಾಕಿಸಿಕೊಂಡು ಹೋಗಬಹುದು. ಪೂರ್ತಿ ಚಿಕಿತ್ಸೆಯಷ್ಟು ಭರವಸೆ ಇಲ್ಲ, ಆದರೂ ಎಷ್ಟೋ ಮರಿಗಳು ಹೀಗೇ ಬದುಕಿವೆ. ಬಾರದೆ ಹೋದ ಮರಿಯ ಬಗ್ಗೆ ನಾವು ರಾತ್ರಿ ಯೋಚಿಸುತ್ತೇವೆ ಅಂತ ನಿಮಗೆ ಗೊತ್ತಿರಲಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಂಡ್ಯದ ಹಳ್ಳಿಗಳಲ್ಲಿ ಓಡಾಡುತ್ತಿದ್ದೆ. ಕರು ಹಾಕಿದ ಮಾರನೇ ದಿನ ಹಾಲು ಜ್ವರ ಬಂದು ಹಸು ಕತ್ತು ತಿರುಗಿಸಿ ಮಲಗಿಬಿಡುತ್ತದೆ, ಕಿವಿ ತಣ್ಣಗಾಗಿರುತ್ತದೆ. ಹೆಸರು ಜ್ವರ ಅಂತಿದ್ದರೂ ಅದು ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಆಗುವುದು. ಎದೆಬಡಿತ ಕೇಳಿಸಿಕೊಳ್ಳುತ್ತ ಕ್ಯಾಲ್ಸಿಯಂ ಬಾಟಲಿಯನ್ನು ನಿಧಾನಕ್ಕೆ ರಕ್ತನಾಳಕ್ಕೆ ಬಿಟ್ಟರೆ, ಎಷ್ಟೋ ಸಲ ಕಣ್ಣೆದುರೇ ಎದ್ದು ನಿಲ್ಲುತ್ತದೆ. "ಎದ್ಬುಟ್ಲು ಕಣವ್ವ!" ಅಂತ ಮನೆಯ ಅಜ್ಜಿ ಕೂಗಿದ ಧ್ವನಿ ಇವತ್ತಿಗೂ ನನ್ನನ್ನು ಕೆಲಸಕ್ಕೆ ಎಬ್ಬಿಸುತ್ತದೆ.

ಇಂಥ ದಿನಗಳೂ ಇವೆ. ಆದರೂ ನಮ್ಮ ವೃತ್ತಿಯವರು ನೋವನ್ನು ಮುಚ್ಚಿಡುವುದು ಜಾಸ್ತಿ. ಅಮೆರಿಕದಲ್ಲಿ 1979ರಿಂದ 2015ರವರೆಗಿನ ಸಾವುಗಳನ್ನು ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪಶುವೈದ್ಯೆಯರು ಆತ್ಮಹತ್ಯೆಯಿಂದ ಸಾಯುವ ಸಾಧ್ಯತೆ ಸಾಮಾನ್ಯ ಜನರಿಗಿಂತ ಮೂರೂವರೆ ಪಟ್ಟು, ಪುರುಷ ಪಶುವೈದ್ಯರಲ್ಲಿ ಎರಡು ಪಟ್ಟಿಗಿಂತ ತುಸು ಹೆಚ್ಚು ಅಂತ ಅದು ಹೇಳಿತು. ಅದು ಆ ದೇಶದ ಲೆಕ್ಕ. ಆದರೆ ದಯಾಮರಣದ ಇಂಜೆಕ್ಷನ್ ಕೊಟ್ಟು, ಕೈ ತೊಳೆದುಕೊಂಡು, ಮುಂದಿನವರನ್ನು ಒಳಗೆ ಕರೆಯುವುದು ಇಲ್ಲೂ ಹಾಗೇ ಇದೆ. ಗುಣವಾಗದ ಕ್ಯಾನ್ಸರ್‌ನಿಂದ ನರಳುವ ಮುದಿ ನಾಯಿಗೆ ಅದನ್ನು ಕೊಟ್ಟಾಗ ನನಗೆ ದುಃಖವಾಗುತ್ತದೆ, ಆದರೆ ಮನಸ್ಸು ಕೊರೆಯುವುದಿಲ್ಲ. ಉಳಿಸಬಹುದಾಗಿದ್ದ ಜೀವವನ್ನು "ಮಲಗಿಸಿಬಿಡಿ ಡಾಕ್ಟ್ರೇ" ಅಂದಾಗ ಕೊರೆಯುತ್ತದೆ. ಅಂಥದ್ದಕ್ಕೆ ನಾನು ಈಗ ಆಗುವುದಿಲ್ಲ ಅನ್ನುತ್ತೇನೆ. ಹಾಗನ್ನಲು ನನಗೆ ವರ್ಷಗಳೇ ಹಿಡಿದವು.

ನನ್ನ ಕಿರಿಯ ಸಹೋದ್ಯೋಗಿಗಳಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಫೋನಿನಲ್ಲಿ ಇಟ್ಟುಕೊಳ್ಳಿ ಅನ್ನುತ್ತೇನೆ. ಹಗಲು ರಾತ್ರಿ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರ್ ಓದುಗರಿಗೂ ಇರಲಿ.

ಆ ಬೆಕ್ಕು ಹೋದ ಸಂಜೆ ಪಾಂಡವಪುರದ ಕಡೆ ಕೆಲಸ ಮಾಡುವ ನನ್ನ ಬ್ಯಾಚ್‌ಮೇಟ್‌ಗೆ ಫೋನ್ ಮಾಡಿದೆ. ಅವನು ನಾಲೆ ಏರಿ ಮೇಲೆ ಬೈಕ್ ನಿಲ್ಲಿಸಿಕೊಂಡು ಸುಮ್ನೆ ಕೂತಿದ್ದನಂತೆ. ಕಷ್ಟದ ಹೆರಿಗೆ, ಹಸು ಉಳಿದಿತ್ತು, ಕರು ಉಳಿದಿರಲಿಲ್ಲ. ನಾನು ವಸಡಿನ ಬಣ್ಣ ಹೇಳಿದೆ, ಅವನು ಕರುವಿನ ಕಾಲು ತಿರುಗಿದ್ದ ರೀತಿ ಹೇಳಿದ. ಇಪ್ಪತ್ತು ನಿಮಿಷ ಮಾತಾಡಿರಬೇಕು. "ಊಟ ಮಾಡಿದ್ಯಾ?" ಅಂತ ಕೇಳಿದ. ಇಲ್ಲ ಅಂದೆ. "ನಾನೂ ಇಲ್ಲ. ಮನೆಗೆ ಹೋಗು, ನಾನೂ ಹೊರಟೆ," ಅಂದು ಗಾಡಿ ಸ್ಟಾರ್ಟ್ ಮಾಡಿದ.